ಬೀಗದಣ್ಣನ ಅವಿಭಾಜ್ಯ ನಂಬರು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೀಗ ರಿಪೇರಿಯ ಅಂಗಡಿ ಇಟ್ಟುಕೊಂಡವನನ್ನು ಜನ ಬೀಗದಣ್ಣ ಎಂದೇ ಕರೆಯುತ್ತಿದ್ದರು. ಅವನ ಕೈಗೆ ಬಗ್ಗದ ಬೀಗ ಆ ಸುತ್ತಿನಲ್ಲಿ ಇರಲಿಲ್ಲ. ತುಕ್ಕು ಹಿಡಿದ ಕಬ್ಬಿಣದ ಪೆಟ್ಟಿಗೆ, ಕೀಲಿ ಕಳೆದುಹೋದ ಬೀರು, ಮಗು ಒಳಗಿನಿಂದ ಚಿಲಕ ಹಾಕಿಕೊಂಡು ಅಳುತ್ತಿರುವ ಬಚ್ಚಲುಮನೆ, ಯಾವುದೇ ಇರಲಿ, ಬಂದವನೇ ಮಂಡಿಯೂರಿ ಕೂತು, ಸಣ್ಣ ತಂತಿಯೊಂದನ್ನು ಒಳಗೆ ಬಿಟ್ಟು, ಬೀಗ ತನ್ನ ಸಂಸಾರದ ಗುಟ್ಟನ್ನೆಲ್ಲ ಹೇಳಿಕೊಳ್ಳುತ್ತಿದೆಯೇನೋ ಎಂಬಂತೆ ಕಿವಿಗೊಡುತ್ತಿದ್ದ. ಸ್ವಲ್ಪ ಹೊತ್ತಿಗೆ ಕಟಕ್ ಎಂದು ಸದ್ದಾಗುತ್ತಿತ್ತು. ಮನೆಯವರು ಅವನನ್ನು ದೊಡ್ಡ ಡಾಕ್ಟರನ್ನು ನೋಡಿದ ಹಾಗೆ ನೋಡುತ್ತಿದ್ದರು. ಅವನಿಗೂ ಆ ನೋಟ ಹಿತವಾಗಿಯೇ ಇತ್ತು.

ಜನ್ಮದಲ್ಲಿ ಅವನಿಗೆ ಬಗ್ಗದೆ ಉಳಿದದ್ದು ಲೆಕ್ಕ ಒಂದೇ. ಹತ್ತನೇ ತರಗತಿಯಲ್ಲಿ ಉಳಿದ ವಿಷಯಗಳೆಲ್ಲ ಹೇಗೋ ಕೈಹಿಡಿದು ದಡ ಮುಟ್ಟಿಸಿದರೂ ಗಣಿತ ಮಾತ್ರ ಎರಡು ಸಲ ಅವನನ್ನು ನೀರಿಗೆ ನೂಕಿತ್ತು. ಮೂರನೇ ಸಲ ಕಟ್ಟುತ್ತೇನೆ ಎಂದಾಗ ಅಪ್ಪ, "ಬಿಡು ಮಗ, ಅದು ಬೇರೆ ಕಂಪನಿ ಬೀಗ, ನಮ್ಮ ಕೀಲಿ ಹೋಗಲ್ಲ," ಎಂದು ಅಂಗಡಿಯಲ್ಲಿ ಕೂರಿಸಿಕೊಂಡಿದ್ದ. ಅಪ್ಪ ಹೋದ ಮೇಲೆ ಅಂಗಡಿ ಅಣ್ಣತಮ್ಮಂದಿರ ಕೈಗೆ ಬಂತು. ಅಂಗಡಿಯೆಂದರೆ ಅಗಲಕ್ಕೆ ಒಂದು ಬಾಗಿಲು, ಉದ್ದಕ್ಕೆ ಒಂದು ಮಂಚ. ಮುಂದುಗಡೆ ಮೇಜಿನ ಹಿಂದೆ ಬೀಗದಣ್ಣನ ಹೆಂಡತಿ ಕೀಲಿ ಕೊರೆಯುವ ಯಂತ್ರದ ಮುಂದೆ ಕೂರುತ್ತಿದ್ದಳು. ಅವಳ ಮಡಿಲ ತುಂಬ ಹಿತ್ತಾಳೆಯ ಪುಡಿ ಹೊಳೆಯುತ್ತಿತ್ತು. ಅಣ್ಣನಿಗಿಂತ ಏಳು ವರ್ಷ ಚಿಕ್ಕವನಾದ ತಮ್ಮ ಹಿಂದುಗಡೆ ಬಲ್ಬಿನ ಕೆಳಗೆ ಬಿಚ್ಚಿದ ಬೀಗಗಳ ನಡುವೆ ಇರುತ್ತಿದ್ದ. ಮಾತು ಕಡಿಮೆ. ಏನಾದರೂ ಕೇಳಿದರೆ ಬಾಯಲ್ಲಿ ಸ್ಕ್ರೂ ಇದೆ ಎಂದು ಸನ್ನೆ ಮಾಡುತ್ತಿದ್ದ. ಬಹಳ ಸಲ ನಿಜವಾಗಿಯೂ ಇರುತ್ತಿತ್ತು.

ಗೋಡೆಯ ಮೇಲೆ ಒಂದು ಫೋನು. ಅದರ ನಂಬರು 99400891. ಆ ನಂಬರಿನಲ್ಲಿ ವಿಶೇಷವೇನೂ ಯಾರಿಗೂ ಕಂಡಿರಲಿಲ್ಲ. ಮೇಷ್ಟ್ರ ಮನೆಯ ಬಾಗಿಲು ಹಾಕಿಕೊಳ್ಳುವವರೆಗೆ.

ಮೇಷ್ಟ್ರು ಎಂದರೆ ನಿವೃತ್ತರಾದ ಗಣಿತದ ಮೇಷ್ಟ್ರು. ಎರಡು ಬೀದಿ ಆಚೆ ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದರು. ಒಂದು ಬೆಳಿಗ್ಗೆ ಕಸದ ಚೀಲ ಹೊರಗಿಡಲು ಬಂದಾಗ ಗಾಳಿಗೆ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಒಳಗೆ ಒಲೆಯ ಮೇಲೆ ಹಾಲು. ಪಕ್ಕದ ಮನೆಯ ಫೋನಿನಿಂದ ಬೀಗದಣ್ಣನನ್ನು ಕರೆಸಿದರು. ಅವನು ಮಂಡಿಯೂರಿ ಬೀಗದ ಕಷ್ಟಸುಖ ವಿಚಾರಿಸುತ್ತಿದ್ದಾಗ ಮೇಷ್ಟ್ರಿಗೆ ಹಾಲಿನದೇ ಚಿಂತೆ. ಚಿಂತೆ ಮರೆಯಲು ಅವರು ಜೀವಮಾನವಿಡೀ ಮಾಡುತ್ತಿದ್ದದ್ದು ಒಂದೇ ಉಪಾಯ: ಕಣ್ಣಿಗೆ ಬಿದ್ದ ಸಂಖ್ಯೆಯನ್ನು ಹಿಡಿದು ಭಾಗಿಸುವುದು. ಅವನ ಸಾಮಾನಿನ ಚೀಲದ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದಿತ್ತು.

"ಒಂಬತ್ತು ಕೋಟಿ ತೊಂಬತ್ತನಾಲ್ಕು ಲಕ್ಷದ ಎಂಟುನೂರ ತೊಂಬತ್ತೊಂದು," ಎಂದು ಗೊಣಗಿದರು.

ಬೀಗದಣ್ಣ ಗಾಬರಿಯಿಂದ ತಿರುಗಿದ. "ಯಾರು ಕೊಡ್ಬೇಕು ಸಾರ್ ಅಷ್ಟು?"

"ಯಾರೂ ಕೊಡ್ಬೇಕಾಗಿಲ್ಲಪ್ಪ. ನಿನ್ನ ನಂಬರನ್ನೇ ಸಂಖ್ಯೆ ಅಂತ ಓದಿದೆ. ಬೆಸ. ಐದರಲ್ಲಿ ಮುಗಿಯಲ್ಲ. ಅಂಕಿಯೆಲ್ಲ ಕೂಡಿದ್ರೆ ನಲವತ್ತು, ಅಂದ್ರೆ ಮೂರರಿಂದ ಹೋಗಲ್ಲ. ಏಳರಿಂದ... ಎರಡು ಉಳಿಯುತ್ತೆ. ಹನ್ನೊಂದರಿಂದ ಏಳು ಉಳಿಯುತ್ತೆ. ಹದಿಮೂರು..." ಮೇಷ್ಟ್ರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. "ಐದು ಉಳಿಯುತ್ತೆ. ಹದಿನೇಳೂ ಇಲ್ಲ. ನೋಡಿದ್ರೆ ಅವಿಭಾಜ್ಯ ಸಂಖ್ಯೆ ಥರ ಕಾಣುತ್ತೆ ಕಣಯ್ಯ."

"ಹಾಗಂದ್ರೆ ಏನು ಸಾರ್? ಕೆಟ್ಟದ್ದಾ?"

"ಕೆಟ್ಟದ್ದೇನಿಲ್ಲ. ಒಂದನ್ನ ಬಿಟ್ರೆ, ತನ್ನನ್ನ ಬಿಟ್ರೆ, ಇನ್ಯಾವುದರಿಂದಲೂ ಭಾಗ ಆಗಲ್ಲ. ಯಾರು ಬಂದ್ರೂ ಒಡೆಯೋಕಾಗಲ್ಲ."

ಅಷ್ಟರಲ್ಲಿ ಕಟಕ್ ಎಂದಿತು. ಮೇಷ್ಟ್ರು ಹಾಲಿನ ಕಡೆ ಓಡಿದರು.

ಮೇಷ್ಟ್ರು ಹೇಳಿದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ: 'ಥರ ಕಾಣುತ್ತೆ.' ಬೀಗದಣ್ಣ ಮೆಟ್ಟಿಲಿಳಿಯುವಷ್ಟರಲ್ಲಿ ಆ ಎರಡು ಪದಗಳು ದಾರಿಯಲ್ಲೆಲ್ಲೋ ಉದುರಿಹೋಗಿದ್ದವು. ಅಂಗಡಿಗೆ ತಲುಪಿದ್ದು ಅವಿಭಾಜ್ಯ ಒಂದೇ. ಗಣಿತ ಅವನ ಬಗ್ಗೆ ಒಳ್ಳೆಯ ಮಾತಾಡಿದ್ದು ಅದೇ ಮೊದಲು. ಇಷ್ಟು ವರ್ಷ ತನ್ನನ್ನು ಬಾಗಿಲ ಹೊರಗೇ ನಿಲ್ಲಿಸಿದ್ದ ಶಾಸ್ತ್ರ ಇದ್ದಕ್ಕಿದ್ದಂತೆ ಒಳಗೆ ಕರೆದು ಕುರ್ಚಿ ಹಾಕಿದ ಹಾಗಾಯಿತು.

"ಗೊತ್ತಾ, ನಮ್ಮ ನಂಬರು ಅವಿಭಾಜ್ಯವಂತೆ," ಎಂದು ಹೆಂಡತಿಗೆ ಹೇಳಿದ.

"ಅದಕ್ಕೆ ಬಿಲ್ ಜಾಸ್ತಿ ಬರುತ್ತಾ?" ಎಂದಳು ಅವಳು.

ಮುಂದಿನ ವಾರ ಅಂಗಡಿಯ ಹಲಗೆಗೆ ಹೊಸ ಬಣ್ಣ ಬಿತ್ತು. ಬೀಗ, ಕೀಲಿ, ರಿಪೇರಿ ಎಂಬ ಮಾತುಗಳು ಮೂಲೆಗೆ ಸರಿದು, ನಡುವೆ ಮೊಳದುದ್ದದ ಅಕ್ಷರಗಳು ಬಂದವು: 'ನಮ್ಮ ನಂಬರ್ 99400891 ಅವಿಭಾಜ್ಯ. ಭಾಗಿಸಿ ತೋರಿಸಿದವರಿಗೆ ಒಂದು ಬೀಗ ಉಚಿತ.'

ಜನ ನಿಂತು ಓದಿದರು. ಕೆಲವರು ಅವಿಭಾಜ್ಯ ಎನ್ನುವುದು ಬೀಗದ ಹೊಸ ಕಂಪನಿ ಎಂದುಕೊಂಡು ಅದೇ ಬೇಕೆಂದು ಕೇಳಿದರು. ಬೀಗದಣ್ಣ ಅವರನ್ನು ಸ್ಟೂಲಿನ ಮೇಲೆ ಕೂರಿಸಿ ವಿವರಿಸಿದ. ಉಚಿತ ಎಂದ ಮೇಲೆ ಪ್ರಯತ್ನ ಮಾಡುವವರೂ ಬಂದರು. ಏಳರಿಂದ ನೋಡಿದರು, ಹನ್ನೊಂದರಿಂದ, ಹದಿಮೂರರಿಂದ ನೋಡಿದರು. ಹದಿನೇಳಕ್ಕೆ ಬರುವಷ್ಟರಲ್ಲಿ ಎಲ್ಲರಿಗೂ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಒಂದು ಬೀಗಕ್ಕಾಗಿ ಹತ್ತೊಂಬತ್ತರ ಮಗ್ಗಿ ಹೇಳುವಷ್ಟು ಆಸೆ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಫೋಟೋ ಸ್ಟುಡಿಯೋದವನು ಮಾತ್ರ ಬುದ್ಧಿವಂತಿಕೆ ತೋರಿಸಿದ. "ಒಂದರಿಂದ ಭಾಗ ಆಗುತ್ತಲ್ಲ! ತೆಗಿ ಬೀಗ."

"ಒಂದು ಲೆಕ್ಕಕ್ಕುಂಟು, ಆಟಕ್ಕಿಲ್ಲ," ಎಂದ ಬೀಗದಣ್ಣ.

"ಹೋಗ್ಲಿ, ಎರಡರಿಂದ ಭಾಗಿಸಿದ್ರೆ ನಾಲ್ಕು ಕೋಟಿ ಚಿಲ್ಲರೆ ಬರುತ್ತೆ, ಕೊನೆಗೆ ಅರ್ಧ."

"ಹಾಗಾದ್ರೆ ಅರ್ಧ ಬೀಗ ಕೊಡ್ಲಾ?"

ಈ ಮಾತು ಬೀದಿಯಲ್ಲಿ ಓಡಾಡಿತು. ಬೀಗದಣ್ಣ ಅವಿಭಾಜ್ಯಣ್ಣನಾದ. ಹತ್ತನೇ ತರಗತಿಯಲ್ಲಿ ಎರಡು ಸಲ ಫೇಲಾದವನು ಸಂಜೆ ಹೊತ್ತು ಅಂಗಡಿಯ ಮುಂದೆ ನಿಂತು ಸಂಖ್ಯೆಗಳ ಗುಣಾವಗುಣ ವಿವರಿಸತೊಡಗಿದ. ಸರಿ ಸಂಖ್ಯೆಯ ನಂಬರಿರುವವರನ್ನು ಕಂಡರೆ ಅವನಿಗೆ ಪಾಪ ಅನ್ನಿಸುತ್ತಿತ್ತು. "ನಿಮ್ಮದು ಎಂಟರಲ್ಲಿ ಮುಗಿಯುತ್ತಾ? ಹೋಗ್ಲಿ ಬಿಡಿ, ಮನುಷ್ಯ ಒಳ್ಳೆಯವನಾಗಿದ್ರೆ ಸಾಕು," ಎನ್ನುತ್ತಿದ್ದ. ಮೂಗಿಗಿಂತ ಮೂಗುತಿ ಭಾರವಾಯಿತು ಎಂದು ಹೆಂಡತಿ ಗೊಣಗಿದರೂ, ಗಂಡ ಬೆಳಿಗ್ಗೆ ಶಿಳ್ಳೆ ಹಾಕಿಕೊಂಡು ಅಂಗಡಿ ತೆಗೆಯುವುದನ್ನು ಅವಳು ಎಷ್ಟೋ ವರ್ಷಗಳ ಮೇಲೆ ಕಂಡಿದ್ದಳು. ಹಾಗಾಗಿ ಗೊಣಗುವ ದನಿಯನ್ನು ಸ್ವಲ್ಪ ತಗ್ಗಿಸಿಕೊಂಡಳು.

ಹೀಗೆ ನಾಲ್ಕೈದು ವರ್ಷ ನಡೆಯಿತು. ಆಮೇಲೊಂದು ಮಧ್ಯಾಹ್ನ ತಮ್ಮ ಬಾಯಿಂದ ಸ್ಕ್ರೂ ತೆಗೆದ.

"ಅಣ್ಣಾ, ನಾನು ಬೇರೆ ಅಂಗಡಿ ಮಾಡೋಣ ಅಂತಿದೀನಿ."

"ಬೇರೆ ಅಂದ್ರೆ?"

"ಬೇರೆ ಅಂದ್ರೆ ಬೇರೆ. ನಂಬರ್ ಒತ್ತೋ ಬೀಗ, ಬೆರಳಿಟ್ರೆ ತೆಗೆಯೋ ಬೀಗ. ಎಲ್ಲರೂ ಅದನ್ನೇ ಕೇಳ್ತಾರೆ. ನೀನು ಇಲ್ಲಿ ಒಳಗೆ ಬಿಟ್ಕೊಳಲ್ಲ."

"ಕೀಲಿ ಇಲ್ಲದ್ದು ಯಾವ ಸೀಮೆ ಬೀಗ ಕಣೋ? ಅದು ಬೀಗ ಅಲ್ಲ, ಕರೆಗಂಟೆ."

"ಅದಕ್ಕೇ ಬೇರೆ ಅಂದಿದ್ದು. ಸಾಮಾನು ಎಲ್ಲ ನೀನೇ ಇಟ್ಕೋ. ಫೋನ್ ನಂಬರ್ ಮಾತ್ರ ಇಬ್ಬರಿಗೂ ಇರ್ಲಿ. ಜನಕ್ಕೆ ಗೊತ್ತಿರೋದು ಅದೊಂದೇ. ಹಳೇ ಬೀಗ ಅಂದ್ರೆ ನೀನು ಹೋಗು, ಹೊಸದು ಅಂದ್ರೆ ನಂಗೆ ಹೇಳು."

ಬೀಗದಣ್ಣ ಕೈಯಲ್ಲಿದ್ದ ಕೀಲಿ ಉಜ್ಜುವ ಅರವನ್ನು ಕೆಳಗಿಟ್ಟ. ಸಾಮಾನು ಕೇಳಿದ್ದರೆ ಅರ್ಧವಲ್ಲ, ಪೂರ್ತಿ ಕೊಡುತ್ತಿದ್ದ. ಅಂಗಡಿಯ ನಡುವೆ ಹಲಗೆ ಬಡಿಯೋಣ ಎಂದಿದ್ದರೂ ತಾನೇ ಮೊಳೆ ಹಿಡಿಯುತ್ತಿದ್ದನೇನೋ. ತಮ್ಮ ನಂಬರಿಗೇ ಕೈ ಹಾಕಿದ್ದ. ಬೀಗದಣ್ಣ ಎದ್ದು ಹೊರಗೆ ಹೋಗಿ ಹಲಗೆಯತ್ತ ಬೆರಳು ತೋರಿಸಿದ.

"ಓದು."

"ದಿನಾ ಓದ್ತೀನಲ್ಲ."

"ಏನಂತ ಇದೆ? ಭಾಗ ಆಗಲ್ಲ ಅಂತ ಇದೆ. ಆಗದೇ ಇರೋದನ್ನ ನಾನು ಎಲ್ಲಿಂದ ಮಾಡ್ಲಿ?"

ತಮ್ಮ ಏನೋ ಹೇಳಲು ಬಾಯಿ ತೆರೆದ. ಅಣ್ಣನ ಮುಖ ನೋಡಿ ಮತ್ತೆ ಮುಚ್ಚಿಕೊಂಡ. ಸಂಜೆಯೊಳಗೆ ತನ್ನ ಬಟ್ಟೆಯ ಚೀಲಕ್ಕೆ ಎರಡು ಸ್ಕ್ರೂಡ್ರೈವರು ಸೇರಿಸಿಕೊಂಡು ಹೊರಟ. ಬಹಳ ದೂರವೇನೂ ಹೋಗಲಿಲ್ಲ. ಬೀದಿಯ ಆ ಬದಿಯಲ್ಲಿ, ಜೆರಾಕ್ಸ್ ಅಂಗಡಿಯ ಪಕ್ಕದ ಗೂಡೊಂದನ್ನು ಬಾಡಿಗೆಗೆ ಹಿಡಿದ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂದು ಬೀದಿಯವರು ಹೇಳಿ, ನಡುವೆ ನಿಂತು ಎರಡೂ ಕಡೆ ನೋಡಲು ಅನುಕೂಲವಾಯಿತೆಂದು ಸಂತೋಷಪಟ್ಟರು.

ಆ ದಿನ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು. "ನಿಮ್ಮ ಅವಿಭಾಜ್ಯ ಒಂದರಿಂದ ಭಾಗ ಆಗುತ್ತೆ, ಇನ್ನೂ ಯಾವುದರಿಂದ ಆಗುತ್ತೆ ಅಂದ್ರಿ?"

"ತನ್ನಿಂದ ತಾನೇ ಆಗುತ್ತೆ."

"ತನ್ನಿಂದ ತಾನೇ ಭಾಗ ಆದ್ರೆ ಏನುಳಿಯುತ್ತೆ?"

ಅಷ್ಟು ಲೆಕ್ಕ ಅವನಿಗೂ ಬರುತ್ತಿತ್ತು. ಒಂದು.

ಆಮೇಲಿನ ತಿಂಗಳುಗಳಲ್ಲಿ ಫೋನು ಮೊದಲಿನಂತೆಯೇ ಬಡಿದುಕೊಳ್ಳುತ್ತಿತ್ತು. ಕೇಳುವವರು ಮಾತ್ರ ಬೇರೆಯಾಗಿದ್ದರು. "ಬೆರಳಿಡೋ ಬೀಗ ಹಾಕ್ತಾರಲ್ಲ, ಅವರು ಇದ್ದಾರಾ?" ಎಂದರೆ ಬೀಗದಣ್ಣ, "ಇಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿ ಇಡುತ್ತಿದ್ದ. ಸುಳ್ಳೇನೂ ಅಲ್ಲ. ತಮ್ಮ ಅಲ್ಲಿರಲಿಲ್ಲ, ಎದುರಿಗಿದ್ದ. ಬಾಗಿಲಿನಿಂದಲೇ ಅವನ ಬೋಳಾಗುತ್ತಿದ್ದ ನೆತ್ತಿ ಕಾಣಿಸುತ್ತಿತ್ತು.

ಒಂದು ದಿನ ಹಲ್ಲಿನ ಡಾಕ್ಟರಮ್ಮನಿಂದ ಫೋನು ಬಂತು. ಅವರ ಕ್ಲಿನಿಕ್ಕಿನ ಬಾಗಿಲಿಗೆ ನಂಬರ್ ಒತ್ತುವ ಬೀಗ. ಅವರು ಒಂದು ನಿಮಿಷಕ್ಕೆಂದು ಹೊರಗೆ ಬಂದಿದ್ದಾರೆ, ಬೀಗ ಸತ್ತುಹೋಗಿದೆ. ಒಳಗೆ ಕುರ್ಚಿಯ ಮೇಲೆ ಬಾಯಿ ತುಂಬ ಹತ್ತಿ ತುರುಕಿಸಿಕೊಂಡ ರೋಗಿ. ಬೀಗದಣ್ಣ ಎದುರಿನ ಗೂಡಿನತ್ತ ಒಮ್ಮೆ ನೋಡಿ, ತಾನೇ ಚೀಲ ಹೆಗಲಿಗೇರಿಸಿದ. ಕ್ಲಿನಿಕ್ಕಿನಲ್ಲಿ ಮಂಡಿಯೂರಿ ಕೂತ. ತಂತಿ ತೆಗೆದ. ತಂತಿ ಬಿಡಲು ತೂತೇ ಇರಲಿಲ್ಲ. ಕಿವಿಗೊಟ್ಟ. ಬೀಗ ಯಾವ ಗುಟ್ಟನ್ನೂ ಹೇಳಲಿಲ್ಲ. ಬೆವರು ಮೂಗಿನ ತುದಿಗೆ ಬಂತು. ಒಳಗಿನಿಂದ ಹತ್ತಿಯ ಮೂಲಕ ಬೈಗುಳದಂಥದ್ದೇನೋ ಕೇಳಿಸುತ್ತಿತ್ತು.

ಕೊನೆಗೆ ಡಾಕ್ಟರಮ್ಮನೇ ಯಾರನ್ನೋ ಓಡಿಸಿ ತಮ್ಮನನ್ನು ಕರೆಸಿದರು. ತಮ್ಮ ಬಂದ. ಜೇಬಿನಿಂದ ಚೌಕನೆಯ ಸಣ್ಣ ಬ್ಯಾಟರಿಯೊಂದನ್ನು ತೆಗೆದು ಬೀಗದ ತಳಕ್ಕೆ ಒತ್ತಿ ಹಿಡಿದ. ಬೀಗಕ್ಕೆ ಜೀವ ಬಂದು ಕೀಕ್ ಎಂದಿತು. "ನಂಬರ್ ಒತ್ತಿ ಮೇಡಂ," ಎಂದ. ಬಾಗಿಲು ತೆರೆಯಿತು. ಅಣ್ಣನ ಕಡೆ ನೋಡದೆ, ನೋಡಲಿಲ್ಲವೆಂದೂ ಅನ್ನಿಸದ ಹಾಗೆ, ಮೆಟ್ಟಿಲಿಳಿದು ಹೋದ. ಇಬ್ಬರೂ ಒಂದೇ ಬೀದಿಗೆ ವಾಪಸಾಗಬೇಕಿತ್ತು. ಬೀಗದಣ್ಣ ಸುತ್ತು ದಾರಿ ಹಿಡಿದ.

ಹೀಗಿರುವಾಗ ಮುಖ್ಯರಸ್ತೆಯಲ್ಲಿ ಪೈಪು ಹಾಕಲು ಅಗೆದರು. ಬಸ್ಸುಗಳು ಬೀಗದಣ್ಣನ ಬೀದಿಯಿಂದ ಹೋಗತೊಡಗಿದವು. ಅಂಥದ್ದೊಂದು ಬಸ್ಸಿನ ಕಿಟಕಿಯ ಪಕ್ಕ ಮೇಷ್ಟ್ರು ಕೂತಿದ್ದರು. ಹಲಗೆ ಕಣ್ಣಿಗೆ ಬಿತ್ತು. ಮೇಷ್ಟ್ರು ಮೊದಲು ಸಂತೋಷಪಟ್ಟರು, ಬೀದಿಯಲ್ಲಿ ಅವಿಭಾಜ್ಯದ ಹೆಸರು ಹೇಳುವವರೂ ಇದ್ದಾರಲ್ಲ ಎಂದು. ಮುಂದಿನ ನಿಲ್ದಾಣ ಬರುವಷ್ಟರಲ್ಲಿ ನಂಬರು ನೆನಪಾಯಿತು, ಬಾಗಿಲು ನೆನಪಾಯಿತು, ಹಾಲು ನೆನಪಾಯಿತು. ತಾವು ಹದಿನೇಳಕ್ಕೇ ನಿಲ್ಲಿಸಿದ್ದೂ ನೆನಪಾಯಿತು. ಮೂವತ್ತು ವರ್ಷ ಮಕ್ಕಳಿಗೆ 'ಕಾರಣ ಕೊಡದೆ ಉತ್ತರ ಬರೆಯಬೇಡಿ' ಎಂದು ಕಿವಿ ಹಿಂಡಿದವರು ತಾವು. ಅಲ್ಲೇ ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದರು. ಇಳಿದು, ವಾಪಸು ನಡೆದು ಬಂದರು.

"ಬೀಗದಣ್ಣ, ಒಂದು ತಪ್ಪಾಗಿದೆ ಕಣಯ್ಯ."

ಬೀಗದಣ್ಣ ಗುರುತು ಹಿಡಿದು ಸಡಗರದಿಂದ ಸ್ಟೂಲು ಒರೆಸಿದ. "ಬನ್ನಿ ಸಾರ್, ಬನ್ನಿ! ನಿಮ್ಮಿಂದಲೇ ಅಲ್ವಾ ಇದೆಲ್ಲ! ಮತ್ತೆ ಬಾಗಿಲು ಹಾಕ್ಕೊಂಡ್ರಾ?"

"ಬಾಗಿಲಲ್ಲ. ಈ ನಂಬರು ಅವಿಭಾಜ್ಯ ಅಲ್ಲ. ಭಾಗ ಆಗುತ್ತೆ."

ಕೀಲಿ ಕೊರೆಯುವ ಯಂತ್ರ ನಿಂತಿತು. ಹೆಂಡತಿ ತಲೆಯೆತ್ತಿದಳು.

"ಯಾವುದರಿಂದ ಸಾರ್?" ಬೀಗದಣ್ಣ ನಕ್ಕ. "ಇಡೀ ಬೀದಿ ನೋಡಿ ಆಗಿದೆ."

"9967ರಿಂದ. ಅದನ್ನ 9973ರಿಂದ ಗುಣಿಸು, ನಿನ್ನ ನಂಬರ್ ಬರುತ್ತೆ."

ಬೀಗದಣ್ಣ ರಟ್ಟಿನ ತುಂಡೊಂದನ್ನು ಎಳೆದುಕೊಂಡು ಗುಣಿಸಲು ಕೂತ. ನಾಲಿಗೆ ಹೊರಚಾಚಿ, ದಶಕ ಕೈಯಲ್ಲಿಟ್ಟುಕೊಂಡು, ಕೈಯಲ್ಲಿಟ್ಟದ್ದನ್ನು ಮರೆತು, ಕೊನೆಗೂ ಒಂದು ಉತ್ತರ ತಂದ. ಒಂಬತ್ತು ಕೋಟಿ ಚಿಲ್ಲರೆಯೇ ಬಂದಿತ್ತು, ಆದರೆ ಚಿಲ್ಲರೆ ಬೇರೆ. ಅವನ ಮುಖ ಅರಳಿತು. "ನೋಡಿದ್ರಾ ಸಾರ್, ಬರಲ್ಲ!" ಮತ್ತೊಮ್ಮೆ ಗುಣಿಸಿದ. ಈ ಸಲ ಮೂರನೆಯದೇ ಒಂದು ಸಂಖ್ಯೆ ಬಂತು. ತನ್ನ ನಂಬರಿನ ಮೇಲೆ ಅವನಿಗಿದ್ದ ನಂಬಿಕೆ ಪ್ರತಿ ಗುಣಾಕಾರಕ್ಕೂ ಗಟ್ಟಿಯಾಗುತ್ತ ಹೋಯಿತು.

ಮೇಷ್ಟ್ರು ತಾಳ್ಮೆ ಕಳೆದುಕೊಳ್ಳಲಿಲ್ಲ. "ಹಾಗೆ ಬೇಡ. 9970 ಅನ್ನೋದನ್ನ ನಡುವೆ ಇಟ್ಕೋ. ಒಂದು ಅದಕ್ಕಿಂತ ಮೂರು ಕಮ್ಮಿ, ಇನ್ನೊಂದು ಮೂರು ಜಾಸ್ತಿ. 9970ನ್ನ ಅದರಿಂದಲೇ ಗುಣಿಸಿದ್ರೆ ಒಂಬತ್ತು ಕೋಟಿ ತೊಂಬತ್ತನಾಲ್ಕು ಲಕ್ಷದ ಒಂಬೈನೂರು. ಅದರಲ್ಲಿ ಮೂರು ಮೂರಲ ಒಂಬತ್ತು ಕಳಿ. ಎಷ್ಟಾಯ್ತು?"

"ಎಂಟುನೂರ ತೊಂಬತ್ತೊಂದು," ಎಂದಳು ಹೆಂಡತಿ. ಅವಳು ಆಗಲೇ ಮೇಜಿನ ಕ್ಯಾಲ್ಕುಲೇಟರ್ ಒತ್ತಿದ್ದಳು. ಅದರ ಪುಟ್ಟ ಕಿಟಕಿಯಲ್ಲಿ ಎಂಟೇ ಅಂಕಿಗೆ ಜಾಗ. 99400891 ಹೇಳಿ ಮಾಡಿಸಿದಂತೆ ಕೂತಿತ್ತು.

"ಅದರ ಸೆಲ್ಲು ಹಳೇದು," ಎಂದ ಬೀಗದಣ್ಣ. ದನಿಯಲ್ಲಿ ಬಲವಿರಲಿಲ್ಲ.

"ನಿನ್ನ ಭಾಷೆಯಲ್ಲೇ ಹೇಳ್ತೀನಿ ಕೇಳು," ಎಂದರು ಮೇಷ್ಟ್ರು. "ಇಂಥ ಬೀಗಕ್ಕೆ ಎರಡು, ಮೂರು, ಐದು, ಏಳು, ಹೀಗೆ ಒಂದೊಂದೇ ಅವಿಭಾಜ್ಯದ ಕೀಲಿ ಹಾಕಿ ನೋಡ್ತಾ ಹೋಗ್ಬೇಕು. 9970ರವರೆಗೆ ನೋಡಿದ್ರೆ ಸಾಕು. ಯಾಕಂದ್ರೆ ಎರಡು ಸಂಖ್ಯೆ ಗುಣಿಸಿ ಇದು ಬರ್ಬೇಕಾದ್ರೆ ಎರಡೂ ಅದನ್ನ ದಾಟೋ ಹಾಗಿಲ್ಲ, ಚಿಕ್ಕದು ಒಳಗೇ ಸಿಗ್ಬೇಕು. ಅಷ್ಟರೊಳಗೆ ಸಾವಿರದ ಇನ್ನೂರಕ್ಕೂ ಹೆಚ್ಚು ಕೀಲಿ ಇವೆ. ಈ ಬೀಗ ತೆಗೆಯೋದು ಕಟ್ಟಕಡೇ ಕೀಲಿ. ಗೊಂಚಲಲ್ಲಿ ಅದಾದ್ಮೇಲೆ ಇನ್ನೊಂದಿಲ್ಲ. ನಾನು ಚಿಕ್ಕ ಕೀಲಿ ಒಂದೇಳು ಹಾಕಿ ಎದ್ದುಬಿಟ್ಟೆ. ದೊಡ್ಡ ತುದಿಯಿಂದ ಶುರು ಮಾಡಿದ್ರೆ ಮೊದಲನೇ ಕೀಲಿಗೇ ತೆರೀತಿತ್ತು. ಹಾಲು ಕೂಡ ಉಕ್ತಿರಲಿಲ್ಲ."

"ಉಕ್ಕಿತ್ತಾ ಸಾರ್ ಅವತ್ತು?"

"ಪೂರ್ತಿ."

ಬೀಗದಣ್ಣ ರಟ್ಟಿನ ಮೇಲಿನ ತನ್ನ ಗುಣಾಕಾರಗಳನ್ನು ನೋಡುತ್ತ ಕೂತ. ಭಾಗವಾಗದ್ದು ಎಂದುಕೊಂಡು ಐದಾರು ವರ್ಷ ಬೀದಿಗೆಲ್ಲ ಪಾಠ ಹೇಳಿದ್ದ. ತಮ್ಮನಿಗೂ ಹೇಳಿದ್ದ.

ಅವನ ಮುಖ ನೋಡಲಾಗದೆ ಮೇಷ್ಟ್ರು, "ಇದರಲ್ಲಿ ಬೇಜಾರಿನ ವಿಷಯ ಏನಿದೆ? ಆ ಎರಡೂ ಇದಾವಲ್ಲ, 9967, 9973, ಅವು ಮಾತ್ರ ಖಂಡಿತ ಅವಿಭಾಜ್ಯ. ಈ ಸಲ ಪೂರ್ತಿ ನೋಡಿದೀನಿ, ಇವಕ್ಕೆ ನೂರರೊಳಗಿನ ಕೀಲಿ ಹಾಕಿದ್ರೆ ಸಾಕು. ನಿನ್ನ ನಂಬರಿನಂಥದ್ದಕ್ಕೆ ನಾವು ಬೇರೆ ಹೆಸರು ಹೇಳ್ತೀವಿ. ಸಂಯುಕ್ತ ಸಂಖ್ಯೆ ಅಂತ," ಎಂದರು.

"ಸಂಯುಕ್ತ ಅಂದ್ರೆ ಒಟ್ಟಿಗೆ ಸೇರಿದ್ದು ಅಲ್ವಾ ಸಾರ್?" ಎಂದು ಕೇಳಿದ್ದು ಹೆಂಡತಿ.

"ಹೌದಮ್ಮ, ಅದೇ."

"ಭಾಗ ಆಗೋದಕ್ಕೆ ಸೇರಿದ್ದು ಅಂತೀರಾ?"

"ಸೇರಿದ್ರೆ ತಾನೇ ಭಾಗ ಆಗೋದು?" ಎಂದ ಮೇಷ್ಟ್ರಿಗೆ ತಾವು ಏನಾದರೂ ದೊಡ್ಡ ಮಾತು ಆಡಿದೆವೆಂದು ಅನ್ನಿಸಲಿಲ್ಲ. ಪಠ್ಯಪುಸ್ತಕದಲ್ಲಿ ಹಾಗೇ ಇತ್ತು.

ಮಾತು ಮಾತೇ. ಬೀಗದಣ್ಣ ಎದ್ದು, ಗಾಜಿನ ಕಪಾಟಿನಿಂದ ಇದ್ದುದರಲ್ಲೇ ಭಾರವಾದ ಹಿತ್ತಾಳೆ ಬೀಗ ತೆಗೆದು ಮೇಷ್ಟ್ರ ಮುಂದಿಟ್ಟ. ಅವರು ಬೇಡವೆಂದರೂ ಬಿಡಲಿಲ್ಲ. ಬೀಗದ ಅಗತ್ಯ ಜಗತ್ತಿನಲ್ಲಿ ಎಲ್ಲರಿಗಿಂತ ಕಡಿಮೆಯಿದ್ದ ಮನುಷ್ಯ, ಬಾಗಿಲು ಮುಚ್ಚಿತೆಂದರೆ ನಡುಗುವವರು, ಒಂದು ಸೇರು ತೂಕದ ಬೀಗ ಹೊತ್ತು ಬಸ್ಸಿಗೆ ನಿಂತರು.

ಮರುದಿನ ಬೆಳಿಗ್ಗೆ ಬೀಗದಣ್ಣ ಬೀದಿ ದಾಟಿದ. ಈ ಸುದ್ದಿ ಫೋಟೋ ಸ್ಟುಡಿಯೋದವನಿಂದ ತಮ್ಮನಿಗೆ ಹೋಗುವುದಕ್ಕಿಂತ ತಾನೇ ಹೇಳುವುದು ಮರ್ಯಾದೆ ಎಂದು ಹೊರಟಿದ್ದ. ಕ್ಷಮೆ ಕೇಳುವ ಯೋಚನೆ ಇರಲಿಲ್ಲ. ಇದ್ದರೂ ದಾರಿಯ ನಡುವೆ ಅದಕ್ಕೊಂದು ತಿರುವು ಸಿಕ್ಕಿತ್ತು.

"ನೋಡು, ಆ ನಂಬರು ಭಾಗ ಆಗುತ್ತಂತೆ," ಎಂದು ಗೂಡಿನ ಬಾಗಿಲಲ್ಲೇ ನಿಂತು ಹೇಳಿದ. "ಮೇಷ್ಟ್ರು ಬಂದಿದ್ರು. ಎರಡೇ ಭಾಗ. ದೊಡ್ಡದು 9973, ಅದು ನಂದು. ನಾನು ಹಿರಿಯ."

"ಇಟ್ಕೋ," ಎಂದ ತಮ್ಮ.

"ನಿಂದು 9967. ಅದೂ ಅವಿಭಾಜ್ಯನೇ, ಕಮ್ಮಿ ಅಂತ ಅನ್ಕೋಬೇಡ. ಆರು ಕಮ್ಮಿ, ಅಷ್ಟೇ. ನೀನು ಏಳು ವರ್ಷ ಚಿಕ್ಕೋನು, ಲೆಕ್ಕ ಹಾಕಿದ್ರೆ ಒಂದು ನಿಂಗೇ ಲಾಭ."

"ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಭಾಗ ಆಗುತ್ತೆ ಅಂತ. ಹಲಗೆ ಬರೆಸಿದ ವಾರವೇ ಮೊಬೈಲಲ್ಲಿ ಹಾಕಿ ನೋಡಿದ್ದೆ. ಚಿಟಿಕೆ ಹೊಡೆಯೋಷ್ಟರಲ್ಲಿ ಎರಡೂ ತೋರಿಸ್ತು."

ಬೀಗದಣ್ಣ ಹೊಸ್ತಿಲು ದಾಟಿ ಒಳಗೆ ಬಂದ. "ಮತ್ತೆ ಯಾಕೋ ಹೇಳಲಿಲ್ಲ?"

"ಹೇಳೋಣ ಅಂತಲೇ ಬಂದೆ. ಉಚಿತ ಬೀಗ ಕೇಳಿ ತಮಾಷೆ ಮಾಡೋಣ ಅಂತ. ನೀನು ಯಾರೋ ಹೆಂಗಸಿಗೆ ವಿವರಿಸ್ತಿದ್ದೆ. ಮೂರರಿಂದ ಯಾಕೆ ಹೋಗಲ್ಲ, ಅಂಕಿ ಹೇಗೆ ಕೂಡ್ಬೇಕು ಅಂತ. ಸ್ಕೂಲಲ್ಲಿ ಲೆಕ್ಕದ ಪುಸ್ತಕ ಕಂಡ್ರೆ ನಿಂಗೆ ಜ್ವರ ಬರ್ತಿತ್ತು. ಅಷ್ಟು ಖುಷಿಯಾಗಿ ಕೂಡ್ತಾ ಇದ್ಯಲ್ಲ..." ತಮ್ಮ ಕೈಯಲ್ಲಿದ್ದ ಸ್ಕ್ರೂ ತಿರುಗಿಸಿದ. "ಆಮೇಲೆ ಹೇಳೋಕಾಗಲಿಲ್ಲ."

"ಹೋಗ್ಲಿ, ನಂಬರ್ ಕೇಳಿದ ದಿನ ಹೇಳ್ಬಹುದಿತ್ತಲ್ಲ! ಅವತ್ತು ಹೇಳಿದ್ರೆ ನೀನು ಗೆಲ್ತಿದ್ದೆ."

"ಅವತ್ತು ಹೇಳಿದ್ರೆ ನೀನು ಹಲಗೆ ಬದಲಾಯಿಸ್ತಿದ್ದೆ. ಬುದ್ಧಿ ಬದಲಾಯಿಸ್ತಿರಲಿಲ್ಲ."

ಇಲ್ಲಿ ಬೀಗದಣ್ಣ ತಮ್ಮನನ್ನು ತಬ್ಬಿಕೊಳ್ಳಬೇಕಾಗಿತ್ತು. ಜೆರಾಕ್ಸಿನವನು ಅದನ್ನೇ ನಿರೀಕ್ಷಿಸಿ ಯಂತ್ರ ನಿಲ್ಲಿಸಿ ಕಿವಿ ನಿಮಿರಿಸಿದ್ದ. ಬೀಗದಣ್ಣ ಒಂದು ಹೆಜ್ಜೆ ಮುಂದಿಟ್ಟದ್ದೂ ನಿಜ. ಬಾಯಿಂದ ಹೊರಬಿದ್ದದ್ದು ಮಾತ್ರ ಬೈಗುಳ.

"ಅಂದ್ರೆ ಐದಾರು ವರ್ಷ ನಾನು ಬೀದೀಲಿ ನಿಂತು ಮಂಗನಾಗ್ತಿದ್ರೆ ನೀನು ಹಿಂದೆ ಕೂತು ನೋಡ್ತಿದ್ದೆ! ಒಡಹುಟ್ಟಿದೋನು! ಬಾಯಿಗೆ ಬೀಗ ಹಾಕ್ಕೊಂಡು!"

"ಹಾಕಿದ್ದು ನಿನ್ನ ಮುಖ ನೋಡಿ!"

"ನನ್ನ ಮುಖಕ್ಕೇನಾಗಿದೆಯೋ?"

ಒಬ್ಬರ ಮೇಲೊಬ್ಬರು ಕೂಗಾಡಿದರು. ಹಲ್ಲಿನ ಡಾಕ್ಟರಮ್ಮನ ಬ್ಯಾಟರಿ ಬಂತು, ಅಪ್ಪನ ಕಾಲದ ಅರ ಯಾರು ಮುರಿದದ್ದು ಎಂಬುದು ಬಂತು, ಚಿಕ್ಕಂದಿನಲ್ಲಿ ಒಬ್ಬನ ಸೈಕಲ್ಲನ್ನು ಇನ್ನೊಬ್ಬ ಮೋರಿಗೆ ಬಿಟ್ಟದ್ದೂ ಬಂತು. ಇಷ್ಟು ತಿಂಗಳು ಆಡದ ಮಾತೆಲ್ಲ ಬಡ್ಡಿ ಸಮೇತ ಹೊರಬಿದ್ದವು. ಜೆರಾಕ್ಸಿನವನು ಕುರ್ಚಿ ಹೊರಗೆ ಹಾಕಿಕೊಂಡ.

ಆಗ ಬೀದಿಯ ಆ ಕಡೆಯಿಂದ ಹೆಂಡತಿ ಕೂಗಿದಳು. "ಫೋನು! ಬೆರಳಿಡೋ ಬೀಗವಂತೆ, ಯಾರಿಗೆ ಕೊಡ್ಲಿ?"

ಬೀಗದಣ್ಣ ಮುಖ ತಿರುಗಿಸಿಕೊಂಡು, "ಹೋಗು, ನಿಂದೇ," ಎಂದ. ತಮ್ಮ ಬೀದಿ ದಾಟಿ ಫೋನು ತೆಗೆದುಕೊಂಡ. ಅತ್ತಿಗೆ ಅವನ ಕೈಗೆ ಪೆನ್ನು ಕೊಟ್ಟಳು.

ಅಂಗಡಿಗಳು ಎರಡಾಗಿಯೇ ಉಳಿದವು. ಒಂದಾಗಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಬೀಗದಣ್ಣ ಹಲಗೆಯನ್ನು ತಿದ್ದಿಸಲು ಪೇಂಟರನ್ನು ಕರೆಸಿ, ಅವಿಭಾಜ್ಯ ಅಳಿಸಿ ಸಂಯುಕ್ತ ಬರೆಸಿದ, ಉಚಿತ ಬೀಗದ ಸಾಲನ್ನೂ ತೆಗೆಸಿದ. ಈಗ ಜನ ಸಂಯುಕ್ತ ಕಂಪನಿಯ ಬೀಗ ಕೇಳಿಕೊಂಡು ಬರುತ್ತಾರೆ. ಕಟ್ಟಕಡೆಯ ಕೀಲಿಯ ಕಥೆ ಕೇಳಿ ಹೋಗುತ್ತಾರೆ. ಮೊದಲ ಪಾಠಕ್ಕಿಂತ ಇದು ಉದ್ದ, ಅವನಿಗೂ ಹೆಚ್ಚು ಇಷ್ಟ. ಅಡ್ಡಹೆಸರು ಮಾತ್ರ ಬದಲಾಗಲಿಲ್ಲ. ಸಂಯುಕ್ತಣ್ಣ ಎನ್ನಲು ಬೀದಿಯವರ ನಾಲಿಗೆ ಹೊರಳಲಿಲ್ಲ.

ಮಧ್ಯಾಹ್ನ ಕೆಲಸವಿಲ್ಲದಾಗ ಅವನು ತಮ್ಮನ ಗೂಡಿಗೆ ಹೋಗಿ ಹೊಸ ಬೀಗಗಳಲ್ಲಿ ಹುಳುಕು ಹುಡುಕುತ್ತಾನೆ. ಒಂದು ದಿನ ತಮ್ಮ ಬಲವಂತ ಮಾಡಿ, "ಒಂದ್ಸಲ ಬೆರಳಿಡು, ನಿನ್ನ ಗುರುತು ಸೇರಿಸ್ತೀನಿ," ಎಂದ. ಬೀಗದಣ್ಣ ಹೆಬ್ಬೆರಳು ಇಟ್ಟ. ಯಂತ್ರ ಕೆಂಪು ದೀಪ ತೋರಿಸಿತು. ತೋರುಬೆರಳು ಇಟ್ಟ, ಕೆಂಪು. ಹೀಗೆ ಎರಡೂ ಕೈ ಮುಗಿಯಿತು. ನಲವತ್ತು ವರ್ಷ ಅರ ಹಿಡಿದು ಅವನ ಬೆರಳ ತುದಿಯ ಗೆರೆಗಳೆಲ್ಲ ಸವೆದು ಗಾಜಿನಂತೆ ನುಣ್ಣಗಾಗಿದ್ದವು.

ಮನೆಗೆ ಬಂದು ಹೆಂಡತಿಗೆ ಹತ್ತೂ ಬೆರಳು ಬಿಡಿಸಿ ತೋರಿಸಿದ. "ಅಷ್ಟು ದೊಡ್ಡ ಮೆಷೀನು ಕಣೆ, ಹತ್ತೂ ಬೆರಳು ನೋಡಿದ್ರೂ ನಾನು ಯಾರು ಅಂತ ಕಂಡುಹಿಡಿಯೋಕಾಗಲಿಲ್ಲ!"

ಅವನ ಎದೆ ಉಬ್ಬಿತ್ತು. ಅವಳು ಆ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು. ಒಂದು ಉಗುರಿನ ಸಂದಿಯಲ್ಲಿ ಸಿಕ್ಕಿದ್ದ ಹಿತ್ತಾಳೆಯ ಚೂರನ್ನು ಸೆರಗಿನ ತುದಿಯಿಂದ ತೆಗೆದಳು. "ಪಾಪ, ಅದಕ್ಕಿನ್ನೂ ನೀವು ಹೊಸಬರು," ಎಂದು ಹೇಳಿ ತಟ್ಟೆ ಇಟ್ಟಳು.